ಒಂದು ದಿನ ಮುಂಚೆ ಹಾಕಿದ ಪಥ್ಯ

ಒಗ್ಗರಣೆ ಹಾಕದ ಹೀರೆಕಾಯಿ ಬೇಯುವಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಒದ್ದೆ ಮಣ್ಣು, ಸ್ವಲ್ಪ ಜೀರಿಗೆ, ಅದರ ಹಿಂದೆ ಏನೋ ಒಂದು ಹಸಿ ಹಸಿ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಈ ವಾಸನೆ ಯಾರ ಅಡುಗೆಮನೆಯಲ್ಲೂ ಏಳುವುದಿಲ್ಲ. ಎಣ್ಣೆ, ಸಾಸಿವೆ, ಈರುಳ್ಳಿ, ಕಡಲೆಬೇಳೆ ಎಲ್ಲವೂ ಬಿದ್ದು ಹೀರೆಕಾಯಿಯ ಸ್ವಂತ ವಾಸನೆ ಯಾವುದೆಂದು ಗೊತ್ತೇ ಆಗುವುದಿಲ್ಲ. ಹೋದ ವಾರ ಮುಳಬಾಗಿಲಿನ ನಮ್ಮ ಮನೆಯಲ್ಲಿ ಅದು ಎದ್ದಿತು. ಒಲೆ ಮುಂದೆ ನಿಂತಿದ್ದ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತುಬಿಟ್ಟಿತು.

ಮಗಳಿಗೆ ಜ್ವರ ಬಂದು ಹತ್ತು ದಿನವಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಟೈಫಾಯ್ಡ್. ನಾನು ಕಚೇರಿಗೆ ರಜೆ ಹಾಕಿ ಅಡುಗೆಮನೆಯಿಂದ ಅವಳ ಕೋಣೆಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ ಓಡಾಡುತ್ತಿದ್ದೆ. ಅರ್ಧ ಗಂಟೆಗೊಮ್ಮೆ ಅವಳ ಬಾಯಿಗೆ ಥರ್ಮಾಮೀಟರ್ ತುರುಕುತ್ತಿದ್ದೆ. “ಅಮ್ಮ, ಒಂದ್ ನಿಮಿಷ ಕೂತ್ಕೋ. ನಿನ್ನ ನೋಡಿದ್ರೇನೇ ನಂಗೆ ಜ್ವರ ಏರುತ್ತೆ” ಎಂದು ಅವಳೇ ಬೈದಳು. ಕೂತರೆ ತಾನೆ? ಕೂತರೆ ಏನೋ ಒಂದು ನೆನಪಿಗೆ ಬರುತ್ತದೆ, ಅದು ಬೇಡ ಎಂದು ಎದ್ದುಬಿಡುತ್ತಿದ್ದೆ. ಆ ವಾಸನೆ ಎದ್ದ ಮೇಲೆ ಮಾತ್ರ ಎದ್ದರೂ ಬಿಡಲಿಲ್ಲ. ನಮ್ಮ ಎದುರು ಮನೆ ದೊಡ್ಡಮ್ಮ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು.

ದೊಡ್ಡಮ್ಮ ಎಂದರೆ ರಕ್ತ ಸಂಬಂಧವೇನಲ್ಲ. ಸುಗಟೂರಿನಲ್ಲಿ ನಮ್ಮ ಮನೆಯ ಎದುರಿಗೆ ಅವರ ಮನೆ. ಅಮ್ಮ ಅವರನ್ನು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡಮ್ಮ. ಅವರ ತವರು ಮುಳಬಾಗಿಲಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ, ಸಿಟ್ಟು ಬಂದರೆ ಎರಡೂ. ರೇಷ್ಮೆ ಹುಳು ಸಾಕುವ ಮನೆ. ಒಳಗೆ ಕಾಲಿಟ್ಟರೆ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಹುಳುಗಳು ಸೊಪ್ಪು ಮೇಯುವ ಸದ್ದು.

ನಮ್ಮ ಬೀದಿಯಲ್ಲಿ ಯಾರಿಗೆ ಏನೇ ಕಾಯಿಲೆ ಬಂದರೂ ಮದ್ದು ಕೊಡುವವರು ಕೋಲಾರದ ಡಾಕ್ಟರು, ಊಟ ಹೇಳುವವರು ದೊಡ್ಡಮ್ಮ. ಅವರು ಮದ್ದಿಗೆ ಕೈ ಹಾಕಿದವರಲ್ಲ. “ಮಾತ್ರೆ ಅವರ್ದು, ಬಾಯಿ ನಂದು” ಎನ್ನುತ್ತಿದ್ದರು. ಬಂದವರೇ ಮೊದಲು ನಾಲಿಗೆ ನೋಡಬೇಕು. “ಏದೀ, ನೋರು ತೆರು” ಎಂದರೆ, ಎಲ್ಲಿ ಬಾಯಿ ತೆಗಿ ಎಂದು. ನಾಲಿಗೆ ಬೆಳ್ಳಗಿದ್ದರೆ ಒಂದು ಊಟ, ಅಂಚು ಕೆಂಪಗಿದ್ದರೆ ಇನ್ನೊಂದು. ನೆಗಡಿಗೆ ಮೆಣಸಿನ ಸಾರು. ಹೊಟ್ಟೆ ಕೆಟ್ಟರೆ ನೀರು ಮಜ್ಜಿಗೆಗೆ ಹುರಿದ ಮೆಂತ್ಯದ ಪುಡಿ. ಗಾಯವಾದವರಿಗೆ ಬದನೆಕಾಯಿ ಮುಟ್ಟಬಾರದು, ನಂಜು. ಮೈಮೇಲೆ ಅಮ್ಮ ಎದ್ದರೆ, ಅಂದರೆ ಸಿಡುಬು ಬಂದರೆ, ಆ ಮನೆಯಲ್ಲಿ ಒಗ್ಗರಣೆಯ ಸದ್ದೇ ಕೇಳಬಾರದು, ಎಳನೀರು ಮತ್ತು ಮೊಸರನ್ನ, ಮುಗೀತು. ಕಾಯಿಲೆಯವರನ್ನು ನೋಡಲು ಬಂದ ನೆಂಟರು ತರುವ ಬ್ರೆಡ್ಡಿನ ಪೊಟ್ಟಣ ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಹುಳಿ ಬಂದ ಹಿಟ್ಟು, ಅದನ್ನ ಕಾಯಿಲೆಯೋರ ಬಾಯಿಗೆ ಹಾಕ್ತಾರಲ್ಲಪ್ಪ, ಏನು ಹೇಳೋಣ” ಎಂದು ಅದನ್ನು ತೆಗೆದು ನಮ್ಮಂಥ ಗಟ್ಟಿ ಮಕ್ಕಳಿಗೆ ಹಂಚುತ್ತಿದ್ದರು. ಹಾಗಾಗಿ ಬೀದಿಯಲ್ಲಿ ಯಾರಾದರೂ ಮಲಗಿದರೆ ನಮಗೆ ಒಳಗೊಳಗೇ ಖುಷಿ.

ಅವರ ಹತ್ತಿರ ಒಂದು ಕಂಚಿನ ಗಿನ್ನೆ ಇತ್ತು. ಪಥ್ಯದ ಗಿನ್ನೆ ಎಂದೇ ಅದಕ್ಕೆ ಹೆಸರು. ಮನೆಯವರಿಗೆ ಅದರಲ್ಲಿ ಏನೂ ಬೇಯಿಸುತ್ತಿರಲಿಲ್ಲ. ದೊಡ್ಡ ಜ್ವರ ಬಂದು ಹೋದವರಿಗೆ ಮೊದಲ ತುತ್ತು ಅನ್ನ ಆ ಗಿನ್ನೆಯಿಂದಲೇ. ವರ್ಷ ಕಳೆದ ಹಳೆ ಅಕ್ಕಿ ಮೆತ್ತಗೆ ಬೆಂದಿರಬೇಕು. ಜೊತೆಗೆ ಎಳೆ ಹೀರೆಕಾಯಿ, ನಾಲ್ಕು ಕಾಳು ಮೆಣಸು, ಜೀರಿಗೆ, ಚಿಟಿಕೆ ಉಪ್ಪು. ತಾವೇ ಸೆರಗಿನಲ್ಲಿ ಬಿಸಿ ಗಿನ್ನೆ ಹಿಡಿದುಕೊಂಡು ಬೀದಿ ದಾಟಿ ಬರುತ್ತಿದ್ದರು. ಗಿನ್ನೆ ಯಾವ ಮನೆ ಬಾಗಿಲಿಗೆ ಹೋಯಿತೋ ಆ ಮನೆಯಲ್ಲಿ ಕಾಯಿಲೆ ಮುಗಿಯಿತು ಎಂದೇ ಬೀದಿಯ ಲೆಕ್ಕ.

ಆದರೆ ಆ ಗಿನ್ನೆ ಬರುವ ತನಕ ಲಂಕಣ. ಲಂಕಣ ಎಂದರೆ ಉಪವಾಸ. ಎಳನೀರು, ಬಾರ್ಲಿ ನೀರು, ಗಂಜಿಯ ತಿಳಿ ಬಿಟ್ಟರೆ ಏನೂ ಇಲ್ಲ. ಇದನ್ನು ಅವರು ಕಲಿತದ್ದು ತವರಿನಿಂದ, ಗಟ್ಟಿಯಾಗಿ ನಂಬಿದ್ದು ಮಾತ್ರ ತಮ್ಮ ಹುಳುಗಳಿಂದ. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇಯುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಅದನ್ನು ನಮ್ಮ ಕಡೆ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು. ಎಲ್ಲ ಹುಳುಗಳೂ ಎದ್ದ ಮೇಲೇ ಹಾಕಬೇಕು, ಅವಸರಪಟ್ಟರೆ ಇಡೀ ಬೆಳೆ ಏರುಪೇರು. “ಬೆರಳುದ್ದದ ಹುಳೂಗೇ ಇಷ್ಟು ನೇಮ ಇದೆ, ಮನುಷ್ಯರಿಗೆ ಬೇಡ್ವಾ?” ಎಂದು ಅವರು ಕೇಳುತ್ತಿದ್ದರು. ಮನುಷ್ಯರಿಗೆ ಅವರ ನೇಮ ಇಷ್ಟೇ. ಜ್ವರ ಬಿಟ್ಟ ಮೇಲೆ ಪೂರಾ ಮೂರು ದಿನ ಕಾಯಬೇಕು, ನಾಲ್ಕನೇ ದಿನ ಪಥ್ಯ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನನಗೆ ಟೈಫಾಯ್ಡ್ ಬಂತು. ಕೋಲಾರದ ಡಾಕ್ಟರು ಹದಿನಾಲ್ಕು ದಿನದ ಮಾತ್ರೆ ಬರೆದು, ಮೆತ್ತಗಿನ ಊಟ ಕೊಡಿ ಎಂದಿದ್ದರಂತೆ. ಊಟದ ವಿಷಯದಲ್ಲಿ ಡಾಕ್ಟರ ಮಾತು ಯಾರು ಕೇಳುತ್ತಾರೆ? ಅದು ದೊಡ್ಡಮ್ಮನ ಇಲಾಖೆ. ನನಗೆ ಲಂಕಣ ಶುರುವಾಯಿತು.

ಏಳನೇ ದಿನ ಜ್ವರ ಬಿಟ್ಟಿತು. ಜ್ವರ ಬಿಟ್ಟಿದ್ದೇ ತಡ, ಹಸಿವು ಎದ್ದಿತು. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಅಂಥ ಹಸಿವು. ಗೋಡೆಯ ಸುಣ್ಣ ಕೆರೆದು ತಿಂದಿದ್ದೆ. ಪಕ್ಕದ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದಿಗೇ ಕಣ್ಣಲ್ಲಿ ನೀರು ಬರುತ್ತಿತ್ತು. ಮೂರನೇ ದಿನ ಬೆಳಿಗ್ಗೆ ದೊಡ್ಡಮ್ಮ ನಾಲಿಗೆ ನೋಡಲು ಬಂದರು. ನಾನು ಅವರ ಸೆರಗು ಹಿಡಿದುಕೊಂಡು ಬಿಡಲೇ ಇಲ್ಲ. ಒಂದು ತುತ್ತು, ಒಂದೇ ತುತ್ತು ಎಂದು ಅತ್ತೆ. ಅವರು ಬೈದರು, ತೆಲುಗಿನಲ್ಲೂ ಬೈದರು. ಕೊನೆಗೆ ನನ್ನ ಕೈ ಬಿಡಿಸಿಕೊಂಡು ಎದ್ದು ಹೋದವರು ಮಧ್ಯಾಹ್ನದ ಹೊತ್ತಿಗೆ ಗಿನ್ನೆ ಹಿಡಿದುಕೊಂಡು ಬಂದರು. ಅಮ್ಮ, “ಅಕ್ಕ, ನಾಳೆ ತಾನೆ?” ಎಂದಳು.

“ಹೋಗ್ಲಿ ಬಿಡು ತಂಗಿ. ಮಗು ಕಣ್ಣು ನೋಡಕ್ಕಾಗ್ತಿಲ್ಲ” ಎಂದರು ದೊಡ್ಡಮ್ಮ. ಅವರು ತಮ್ಮ ನೇಮ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಹೀರೆಕಾಯಿ ಅನ್ನದ ರುಚಿ… ಅದನ್ನು ಹೇಳಲು ಹೋದರೆ ಸುಳ್ಳಾಗುತ್ತದೆ. ಗಿನ್ನೆಯ ತಳ ಬೆರಳಲ್ಲಿ ಬಳಿದು ನೆಕ್ಕಿದೆ.

ಅದಾಗಿ ಎರಡು ದಿನಕ್ಕೆ ಹಿರಿಯರ ಹಬ್ಬ. ತೀರಿಹೋದ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ. ಅಮ್ಮ ಅಲಸಂದೆ ವಡೆ ಸುಟ್ಟು, ಬಾಳೆಲೆಯಲ್ಲಿ ಎಡೆ ಇಟ್ಟು, ಹಿರಿಯರು ಬಂದು ಊಟ ಮಾಡಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂತರು. ನಾನು ಮಲಗಿದ್ದ ಮೂಲೆ ಒಳಗೇ ಇತ್ತು. ಹಿರಿಯರಿಗಿಂತ ಮೊದಲು ನಾನೇ ಎದ್ದೆ. ಮೂರು ವಡೆ. ಎಣಿಸಿ ಮೂರು. ಜಗಿಯಲೂ ಇಲ್ಲ ಸರಿಯಾಗಿ. ಬಾಯಿ ಒರೆಸಿಕೊಂಡು ಬಂದು ಕಂಬಳಿ ಹೊದ್ದು ಮಲಗಿದೆ. ಬಾಗಿಲು ತೆಗೆದಾಗ ಎಡೆಯಲ್ಲಿ ವಡೆ ಕಡಿಮೆಯಾಗಿದ್ದನ್ನು ನೋಡಿ ನಮ್ಮಜ್ಜಿ ಹಿರಿಯರು ಬಂದು ತಿಂದು ಹೋಗಿದ್ದಾರೆ ಎಂದು ಕೈ ಮುಗಿದರು. ಹಬ್ಬದ ಸಡಗರದಲ್ಲಿ ಯಾರಿಗೂ ಅನುಮಾನವೇ ಬರಲಿಲ್ಲ.

ಎಂಟೊಂಬತ್ತು ದಿನಕ್ಕೆ ಜ್ವರ ತಿರುಗಿ ಬಂತು. ಮೊದಲಿನದಕ್ಕಿಂತ ಜೋರು. ನಾನು ಏನೇನೋ ಬಡಬಡಿಸಿದೆನಂತೆ. ಕೋಲಾರಕ್ಕೆ ಕರೆದುಕೊಂಡು ಹೋಗಿ ನರ್ಸಿಂಗ್ ಹೋಮಿಗೆ ಸೇರಿಸಿದರು. ಮಾರನೇ ದಿನ ಬಟ್ಟೆ ತರಲು ಊರಿಗೆ ಹೋದ ಅಮ್ಮನನ್ನು ಬೀದಿಯ ಹೆಂಗಸರು ನಲ್ಲಿಯ ಹತ್ತಿರ ನಿಲ್ಲಿಸಿಕೊಂಡು ಏನಾಯಿತು ಎಂದು ಕೇಳಿದರಂತೆ. “ಪಥ್ಯ ಕೆಡ್ತು” ಎಂದಳಂತೆ ಅಮ್ಮ. ಅಷ್ಟು ಸಾಕಾಯಿತು. ದೊಡ್ಡಮ್ಮ ಒಂದು ದಿನ ಮುಂಚೆ ಗಿನ್ನೆ ತಂದದ್ದನ್ನು ಬೀದಿಯೆಲ್ಲ ನೋಡಿತ್ತಲ್ಲ.

ದೊಡ್ಡಮ್ಮ ಎರಡು ಎಳನೀರು ಹಿಡಿದುಕೊಂಡು ಬಸ್ಸಿನಲ್ಲಿ ನರ್ಸಿಂಗ್ ಹೋಮಿಗೆ ಬಂದರು. ಅಮ್ಮ ಬಿಸಿನೀರು ತರಲು ಹೋಗಿದ್ದಳು. ಅವರು ನನ್ನ ಮಂಚದ ಪಕ್ಕ ಕೂತು ನಾಲಿಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ನಿಜ ಹೇಳು ಚಿನ್ನ. ನಾನು ಹಾಕಿದ್ದು ಬಿಟ್ಟು ಬೇರೆ ಏನಾದ್ರೂ ತಿಂದ್ಯಾ? ಬೈಯಲ್ಲ ನಾನು” ಎಂದರು.

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

“ಹಂಗಾದ್ರೆ ನಂದೇ ತಪ್ಪು” ಎಂದರು. “ಒಂದಿನ ಮುಂಚೆ ಹಾಕಿಬಿಟ್ಟೆ.”

ಅವರ ಕಣ್ಣಲ್ಲಿ ನೀರೇನೂ ಬರಲಿಲ್ಲ. ಎಳನೀರುಗಳನ್ನು ಮಂಚದ ಕೆಳಗೆ ಇಟ್ಟು, ಉರುಳದ ಹಾಗೆ ಚೀಲ ಒತ್ತಿಟ್ಟು ಎದ್ದು ಹೋದರು. ನಾನು ಆ ಕಡೆ ಮುಖ ತಿರುಗಿಸಿ ಮಲಗಿದೆ.

ನಾನು ವಾಸಿಯಾಗಿ ಊರಿಗೆ ಬಂದಾಗ ಪಥ್ಯದ ಗಿನ್ನೆ ಅವರ ಅಡುಗೆಮನೆಯ ಅಟ್ಟದ ಮೇಲೆ ಬೋರಲು ಬಿದ್ದಿತ್ತು. ಆಮೇಲೆ ಅದು ಕೆಳಗಿಳಿಯಲಿಲ್ಲ. ಯಾರಾದರೂ ಮಗುವನ್ನು ಎತ್ತಿಕೊಂಡು ಅವರ ಬಾಗಿಲಿಗೆ ಹೋದರೆ, “ಡಾಕ್ಟ್ರನ್ನ ಕೇಳಮ್ಮ. ನಂಗೆ ಅದೆಲ್ಲ ಗೊತ್ತಿಲ್ಲ” ಎನ್ನುತ್ತಿದ್ದರು. ಎಲ್ಲ ಗೊತ್ತಿದ್ದ ಹೆಂಗಸು! ನಾಲ್ಕಾರು ಸಲ ಹಾಗೆ ಹೇಳಿಸಿಕೊಂಡ ಮೇಲೆ ಜನ ಹೋಗುವುದನ್ನೇ ಬಿಟ್ಟರು. ಕಾಯಿಲೆಯವರ ಮನೆಯಲ್ಲಿ ಬ್ರೆಡ್ಡಿನ ಪೊಟ್ಟಣಗಳು ಹಾಗೇ ಉಳಿಯತೊಡಗಿದವು. ಅವರು ಜಗುಲಿಯಲ್ಲಿ ಕೂತು ಸೊಪ್ಪು ಹೆಚ್ಚುತ್ತಾ ಬೀದಿ ನೋಡುತ್ತಿದ್ದರು. ಅವರ ಕಣ್ಣಿಗೆ ಬೀಳಬಾರದು ಎಂದು ನಾನು ಹಿತ್ತಿಲ ಬಾಗಿಲಿನಿಂದ ಸ್ಕೂಲಿಗೆ ಹೋಗುತ್ತಿದ್ದೆ.

ಆದರೂ ಸಿಕ್ಕಿಬೀಳುತ್ತಿದ್ದೆ. ಸಿಕ್ಕಾಗಲೆಲ್ಲ ಅವರದು ಒಂದೇ ಪ್ರಶ್ನೆ, “ಹೊಟ್ಟೆ ಹೆಂಗಿದೆ?” ಎಸ್ಸೆಸ್ಸೆಲ್ಸಿ ಪಾಸಾಗಿ ಸಿಹಿ ಕೊಡಲು ಹೋದಾಗ ಅದೇ. ಕೆಲಸ ಸಿಕ್ಕಿದಾಗ ಅದೇ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಲು ಬಂದು, ಕಿವಿಯ ಹತ್ತಿರ ಬಗ್ಗಿ, “ಹೊಟ್ಟೆ ಹೆಂಗಿದೆ ಕಣೇ ಈಗ?” ಎಂದರು. ಪಕ್ಕದಲ್ಲಿದ್ದ ನನ್ನ ನಾದಿನಿಗೆ ಅದು ಕೇಳಿಸಿ, ಮದುವೆ ಮಂಟಪದಲ್ಲೇ ಇದೇನು ಪ್ರಶ್ನೆ ಎಂದು ಮುಸಿಮುಸಿ ನಕ್ಕಳು. ನನಗೆ ನಗು ಬರಲಿಲ್ಲ. ವರ್ಷಗಟ್ಟಲೆ ಆ ಹೆಂಗಸು ನನ್ನ ಹೊಟ್ಟೆಯ ಚಿಂತೆಯನ್ನು ಹೊತ್ತುಕೊಂಡು ತಿರುಗುತ್ತಿದ್ದರು, ನಾನು ಮೂರು ವಡೆಯ ಸುದ್ದಿಯನ್ನು ಹೇಳದೆ ಕೂತಿದ್ದೆ.

ಎರಡು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದರು. ಈ ಸಲ ಹೇಳಿಯೇ ಬಿಡಬೇಕು ಎಂದು ಹೊರಟೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ ಇನ್ನೊಮ್ಮೆ ಜೋಡಿಸಿದೆ. ಹೋಗಿ ನೋಡಿದರೆ ಮನೆ ತುಂಬ ಜನ. ಸೊಸೆ, “ಅತ್ತೆ, ಊಟಕ್ಕೆ ಏನ್ ಮಾಡ್ಲಿ?” ಎಂದು ಕೇಳುತ್ತಿದ್ದಳು. ದೊಡ್ಡಮ್ಮ, “ನಿಂಗೆ ತೋಚಿದ್ದು ಮಾಡಮ್ಮ. ನನ್ನ ಕೇಳಬೇಡ” ಎಂದರು. ತಮ್ಮ ಹೊಟ್ಟೆಗೆ ಏನು ಬೇಕೆಂದು ಹೇಳುವ ಧೈರ್ಯವೂ ಅವರಿಗೆ ಉಳಿದಿರಲಿಲ್ಲ. ನನ್ನನ್ನು ಗುರುತು ಹಿಡಿದು, ಕೈ ಹಿಡಿದು, ಅದೇ ಪ್ರಶ್ನೆ ಕೇಳಿದರು. “ಚೆನ್ನಾಗಿದೆ ದೊಡ್ಡಮ್ಮ” ಎಂದೆ. ಅಷ್ಟೇ. ಜೋಡಿಸಿಕೊಂಡ ಮಾತುಗಳನ್ನೆಲ್ಲ ಹಾಗೇ ತೆಗೆದುಕೊಂಡು ಮುಂದಿನ ಬಸ್ಸಿಗೆ ಹತ್ತಿದೆ. ಹದಿನೈದು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು…

ಈಗ ಮಗಳ ಜ್ವರ. ಹೋದ ವಾರ ಆ ಹೀರೆಕಾಯಿ ಬೇಯಿಸಿದ ದಿನ ಬೆಳಿಗ್ಗೆ ಇಲ್ಲಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ಚಿಕ್ಕ ವಯಸ್ಸಿನ ಹುಡುಗಿ, ಸಮಾಧಾನವಾಗಿ ಹೇಳಿದಳು. ಹಸಿವಾದರೆ ಊಟ ಕೊಡಿ, ಮೆತ್ತಗಿರಲಿ, ಉಪವಾಸ ಕೆಡವಬೇಡಿ. ಜ್ವರ ಬಿಟ್ಟಿತು ಎಂದು ಮಾತ್ರೆ ಮಾತ್ರ ನಿಲ್ಲಿಸಬೇಡಿ, ಹದಿನಾಲ್ಕು ದಿನವೂ ನುಂಗಲಿ, ಅರ್ಧಕ್ಕೆ ಬಿಟ್ಟರೆ ಜ್ವರ ತಿರುಗಿ ಬರುತ್ತದೆ.

ನಾನು ಎದ್ದವಳು ಮತ್ತೆ ಕೂತೆ. “ಡಾಕ್ಟ್ರೇ, ವಡೆ ತಿಂದ್ರೆ ತಿರುಗಿ ಬರುತ್ತಾ?” ಎಂದೆ. ಮಗಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. ಡಾಕ್ಟರಮ್ಮ ನಕ್ಕು, ವಡೆಯಿಂದ ಹೊಟ್ಟೆ ಭಾರ ಆಗಬಹುದು, ಟೈಫಾಯ್ಡ್ ತಿರುಗಿ ಬರುವುದಿಲ್ಲ ಎಂದಳು. ಒಂದು ದಿನ ಮುಂಚೆ ಅನ್ನ ಕೊಟ್ಟರೆ, ಎಂದು ಕೇಳಿದೆ. “ಮೊದಲನೇ ದಿನದಿಂದ್ಲೇ ಕೊಡಬೇಕು ಮೇಡಂ” ಎಂದಳು.

ನನ್ನ ಜ್ವರ ಬಿಟ್ಟದ್ದು ಏಳನೇ ದಿನ. ಮಾತ್ರೆ ಉಷ್ಣ, ಮಗುವಿನ ಬಾಯೆಲ್ಲ ಹುಣ್ಣಾಗಿದೆ, ಜ್ವರ ಬಿಟ್ಟ ಮೇಲೆ ಇನ್ನೇಕೆ ಎಂದು ಅಮ್ಮ ಮಾತ್ರೆಯ ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು. ಇಷ್ಟು ವರ್ಷ ಅದು ನೆನಪಿತ್ತು, ಅದಕ್ಕೆ ಅರ್ಥವಿರಲಿಲ್ಲ ಅಷ್ಟೇ.

ಅಮ್ಮ ಈಗ ನಮ್ಮ ಜೊತೆಯಲ್ಲೇ ಇದ್ದಾಳೆ. ಆ ಮಧ್ಯಾಹ್ನ ನಾನು ಸೌಟು ಹಿಡಿದು ನಿಂತಿದ್ದಾಗ ಅವಳು ಕೆಳಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಒಟ್ಟಿಗೆ ಹೇಳಿಬಿಟ್ಟೆ, ಎಡೆಯ ವಡೆ ಕದ್ದದ್ದು, ದೊಡ್ಡಮ್ಮನ ಮುಂದೆ ಇಲ್ಲ ಎಂದು ತಲೆ ಅಲ್ಲಾಡಿಸಿದ್ದು, ಡಾಕ್ಟರಮ್ಮ ಹೇಳಿದ್ದು. “ಅಮ್ಮ, ವಡೆಯಿಂದಾನೂ ಅಲ್ಲ, ದೊಡ್ಡಮ್ಮನ ಅನ್ನದಿಂದಾನೂ ಅಲ್ಲ. ನೀನು ಮಾತ್ರೆ ನಿಲ್ಲಿಸಿದ್ಯಲ್ಲ, ಅದರಿಂದ” ಎಂದೆ. ಅಮ್ಮ ಗಾಬರಿಯಾಗುತ್ತಾಳೆ, ಅಳುತ್ತಾಳೆ, ಸಮಾಧಾನ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ.

ಅಮ್ಮ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. “ಗೊತ್ತು” ಎಂದಳು.

ನನಗೆ ಅರ್ಥವಾಗಲಿಲ್ಲ.

“ಕೋಲಾರದ ಡಾಕ್ಟ್ರು ಅವತ್ತೇ ಹೇಳಿದ್ರು. ಮಾತ್ರೆ ಎಷ್ಟು ದಿನ ಕೊಟ್ಟೆ ಅಂತ ಕೇಳಿದ್ರು. ಏಳು ದಿನ ಅಂದೆ. ಎಲ್ಲರ ಮುಂದೆ ಬೈದ್ರು, ಮಗೂನ ಸಾಯಿಸಕ್ಕೆ ಹೊರಟಿದ್ದೀಯೇನಮ್ಮ ಅಂತ. ಮನೇಲಿ ನಿಮ್ಮಜ್ಜಿ ಇದ್ರು. ಅವರ ಕಿವಿಗೆ ಬಿದ್ದಿದ್ರೆ ನನ್ನ ಉಳಿಸ್ತಿದ್ರಾ? ನಲ್ಲಿ ಹತ್ರ ಅವರೆಲ್ಲ ಕೇಳಿದಾಗ ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಅಕ್ಕನ ಹೆಸರು ನಾನು ಎತ್ತಲಿಲ್ಲ ಕಣೇ. ಪಥ್ಯ ಕೆಡ್ತು ಅಂದೆ, ಅಷ್ಟೇ.” ಅಮ್ಮನ ಬೆರಳು ನಿಂತಿತು. “ಆಮೇಲೆ ಅಕ್ಕನೇ ಬಂದು, ತಂಗಿ, ನಂದೇ ತಪ್ಪು, ಕ್ಷಮಿಸು ಅಂತ ನನ್ನ ಕೈ ಹಿಡ್ಕೊಂಡ್ಳು. ನಾನು ಸುಮ್ನೆ ಕೈ ಕೊಟ್ಕೊಂಡು ನಿಂತಿದ್ದೆ.”

ನನಗೆ ಸಿಟ್ಟು ಬಂತು. ಕೂಗಾಡಬೇಕು ಎನ್ನಿಸಿತು. ಯಾವ ಬಾಯಲ್ಲಿ ಕೂಗಲಿ? ಎರಡು ವರ್ಷದ ಹಿಂದೆ ನಾನೂ ಸುಮ್ಮನೆ ಕೈ ಕೊಟ್ಟುಕೊಂಡೇ ಕೂತಿದ್ದೆನಲ್ಲ. ತಾಯಿ ಮಗಳು ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಬಾಯಿ ಮುಚ್ಚಿಕೊಂಡಿದ್ದೆವು, ಎದುರು ಮನೆಯಲ್ಲಿ ಅವರೊಬ್ಬರು ಗಿನ್ನೆ ಬೋರಲು ಹಾಕಿ ಕೂತಿದ್ದರು. ನಮ್ಮಿಬ್ಬರಲ್ಲಿ ಒಬ್ಬರು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನನ್ನ ಹೊಟ್ಟೆ ಕೆಡಿಸಿದವರು ತಾವೇ ಎಂದುಕೊಂಡೇ ಅವರು ಹೋದರು.

ಒಳಗಿನಿಂದ ಮಗಳು, “ಅಮ್ಮ, ಹಸಿವು” ಎಂದು ಕೂಗಿದಳು. ಹೀರೆಕಾಯಿ ಅನ್ನ ಕಲಸಿ ತೆಗೆದುಕೊಂಡು ಹೋಗಿ ಕೊಟ್ಟೆ. ಇದೇನು ಒಗ್ಗರಣೆಯೇ ಇಲ್ಲ, ಸಪ್ಪೆ ಎಂದು ಮೂತಿ ತಿರುವಿದಳು, ತಿರುವುತ್ತಲೇ ಪೂರ್ತಿ ತಿಂದಳು. ಖಾಲಿ ತಟ್ಟೆ ಹಿಡಿದು ಅಡುಗೆಮನೆಗೆ ಬಂದರೆ ಅಮ್ಮ ಇನ್ನೂ ಅಲ್ಲೇ ಕೂತಿದ್ದಳು.

“ಮಗೂಗೆ ಮಾತ್ರೆ ಮುಗಿಯೋದು ಯಾವತ್ತು?” ಎಂದಳು.

“ಇನ್ನೂ ಒಂಬತ್ತು ದಿನ ಇದೆ.”

“ಮುಗಿದ ಮೇಲೆ ನನ್ನ ಸುಗಟೂರಿಗೆ ಕರ್ಕೊಂಡು ಹೋಗ್ತೀಯಾ?”

“ಅಲ್ಲಿ ಯಾರಿದಾರಮ್ಮ ಈಗ? ದೊಡ್ಡಮ್ಮನೇ ಇಲ್ಲ. ಯಾರಿಗೆ ಹೇಳ್ತೀಯಾ?”

“ಬೀದಿಯೋರಿಗೆ” ಎಂದಳು ಅಮ್ಮ. “ಬೀದಿಯೋರ ಮುಂದೆ ತಾನೆ ಅಂದಿದ್ದು.”

ಇದನ್ನು ಬರೆಯುವಾಗ ಇನ್ನು ಎರಡು ದಿನದ ಮಾತ್ರೆ ಉಳಿದಿದೆ. ಜ್ವರ ಬಿಟ್ಟು ನಾಲ್ಕು ದಿನವಾಯಿತು, ಮಾತ್ರೆ ಸಾಕು ಎಂದು ಮಗಳು ದಿನಾ ಜಗಳ ತೆಗೆಯುತ್ತಾಳೆ. ಅಮ್ಮ ಕೋಲು ಹಿಡಿದುಕೊಂಡು ಅವಳ ಮುಂದೆ ಕೂತು, ನುಂಗುವ ತನಕ ಏಳುವುದಿಲ್ಲ. ಅಂದು ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರಲ್ಲಿ ಈಗ ಇಬ್ಬರೋ ಮೂವರೋ ಉಳಿದಿರಬೇಕು. ಅವರಿಗೆ ಆ ಮಾತು ನೆನಪಿದೆಯೋ ಇಲ್ಲವೋ. ಅಮ್ಮ ಅವರ ಮುಂದೆ ಏನೆಂದು ಶುರು ಮಾಡುತ್ತಾಳೋ, ವಡೆಯ ವಿಷಯವನ್ನು ನಾನು ಯಾವಾಗ ಬಾಯಿ ಬಿಡಬೇಕೋ, ಗೊತ್ತಿಲ್ಲ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗುವುದು ಮಾತ್ರ ಬೇಡ ಎಂದುಕೊಂಡಿದ್ದೇನೆ. ಹೇಳಿ ಮುಗಿಸಿ ತಿರುಗಿ ನೋಡಿದರೆ ಎದುರು ಮನೆಯ ಜಗುಲಿ ಖಾಲಿ ಇರುತ್ತದೆ. ನನ್ನ ಹೊಟ್ಟೆ ಹೆಂಗಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.